ಹನುಮಕ್ಕನ ಮೊದಲ ತೆನೆ

ಕಾರ್ತಿಕ ಮುಗಿಯುತ್ತ ಬಂದಿತ್ತು. ಸಾತೇನಪಾಳ್ಯದ ಸುತ್ತಲಿನ ರಾಗಿ ಹೊಲಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಬೆಳಗಿನ ಮಂಜು ಆರಿದ ಕೂಡಲೇ ಜನ ಕುಡುಗೋಲು ಹಿಡಿದು ಹೊಲಕ್ಕಿಳಿಯುತ್ತಿದ್ದರು. ಗುಬ್ಬಿ ತಾಲ್ಲೂಕು ಮುಗಿದು ಕುಣಿಗಲ್ ತಾಲ್ಲೂಕು ಶುರುವಾಗುವ ಕಡೆ ಇರುವ ಅರವತ್ತು ಮನೆಯ ಊರು ಅದು. ರಸ್ತೆ ಪಕ್ಕದ ಹೊಲಗಳಿಗೆ ಕಟಾವಿನ ಮಿಷನ್ ಬಂದು ಒಂದು ಗಂಟೆಯಲ್ಲಿ ಕೆಲಸ ಮುಗಿಸಿ ಹೋಗುತ್ತಿತ್ತು. ತೆಂಗಿನ ಸಸಿಗಳ ನಡುವಿನ ತುಂಡು ಹೊಲಗಳಿಗೆ ಮಿಷನ್ ಇಳಿಯುತ್ತಿರಲಿಲ್ಲ. ಅಲ್ಲಿ ಇನ್ನೂ ಮುಯ್ಯಾಳಿನ ಕಟಾವೇ. ನಿನ್ನ ಹೊಲಕ್ಕೆ ನಾನೊಂದು ದಿನ, ನನ್ನ ಹೊಲಕ್ಕೆ ನೀನೊಂದು ದಿನ.

ಆ ದಿನ ಅಡವಿಯಪ್ಪನ ಹೊಲದಲ್ಲಿ ಹದಿಮೂರು ಜನ ಸಾಲು ಹಿಡಿದಿದ್ದರು. ಎಲ್ಲರಿಗಿಂತ ಎರಡು ಮಾರು ಮುಂದಿದ್ದವಳು ಹನುಮಕ್ಕ. ನಲವತ್ತೆಂಟರ ಹೆಂಗಸು. ಎಡಗೈಯಲ್ಲಿ ಬುಡ ಹಿಡಿದು, ಬಲಗೈ ಎಳೆದು, ಹಿಡಿ ತುಂಬಿದ ಕೂಡಲೇ ಪಕ್ಕಕ್ಕೆ ಮಲಗಿಸಿ ಮುಂದೆ ಸರಿಯುತ್ತಿದ್ದಳು. ಅವಳ ಹೊಲದ ಪಕ್ಕದ ಹೊಲದವಳಾದ ರಂಗಮ್ಮ ಹಿಂದಿನಿಂದ ಕೂಗಿದಳು.

"ಏನೇ ಹನುಮಿ, ನಮ್ಗೂ ಒಸಿ ಉಳ್ಸೇ. ಗುಬ್ಬಿಗೆ ತಕ್ಕಂಡೋಗಿ ಪ್ರಾರ್ಥನೆ ಮಾಡ್ಸಿದ ಕುಡ್ಗೋಲಾ ಅದು?"

"ಹೂ ಕಣೇ. ಭಾನ್ವಾರ ನಿಂದೂ ಕೊಡು, ಮಾಡಿಸ್ಕಂಡ್ ಬತ್ತೀನಿ."

ಸಾಲಿನಲ್ಲಿ ನಗು ಓಡಿತು. ಅಡವಿಯಪ್ಪನೂ ಬದುವಿನ ಮೇಲೆ ಕೂತು ನಕ್ಕ.

ಎರಡು ವರ್ಷದ ಹಿಂದೆ ಹನುಮಕ್ಕನ ಗಂಡ ರಾಮಾಂಜಿನಯ್ಯನಿಗೆ ಲಕ್ವ ಹೊಡೆದು ತುಮಕೂರಿನ ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿದ್ದ. ಪಕ್ಕದ ಹಾಸಿಗೆಯಲ್ಲಿ ತಾಯಿಯನ್ನು ನೋಡಿಕೊಳ್ಳುತ್ತಿದ್ದ ಗುಬ್ಬಿಯ ಪ್ರೇಮಲೀಲ ತನ್ನ ಬುತ್ತಿಯಲ್ಲಿ ಇವಳಿಗೂ ಪಾಲು ಕೊಟ್ಟಳು, ರಾತ್ರಿ ಇವಳ ಕೈ ಹಿಡಿದು ಪ್ರಾರ್ಥನೆ ಮಾಡಿದಳು. ರಾಮಾಂಜಿನಯ್ಯ ಎದ್ದು ನಡೆದ. ಬಲಗೈ ಮಾತ್ರ ಜೋತುಬಿದ್ದೇ ಉಳಿಯಿತು. ಅಂದಿನಿಂದ ಹನುಮಕ್ಕ ತಿಂಗಳಿಗೊಂದು ಭಾನುವಾರ ಬಸ್ಸು ಹತ್ತಿ ಗುಬ್ಬಿಯ ಕ್ರೈಸ್ತ ಸಭೆಗೆ ಹೋಗಿ, ಬಾಗಿಲ ಬಳಿಯ ಕೊನೆಯ ಬೆಂಚಿನಲ್ಲಿ ಕೂತು ಬರುತ್ತಿದ್ದಳು. ದೀಕ್ಷಾಸ್ನಾನ ತೆಗೆದುಕೊಂಡಿರಲಿಲ್ಲ, ಹಣೆಯ ಕುಂಕುಮ ತೆಗೆದಿರಲಿಲ್ಲ. ಹುಣ್ಣಿಮೆಗೆ ದೇವರ ದರ್ಶನಕ್ಕೆಂದು ದೇವರಾಯನದುರ್ಗದ ಬೆಟ್ಟ ಹತ್ತುವವರನ್ನು ಊರು ಹೇಗೆ ನೋಡುತ್ತಿತ್ತೋ ಇವಳನ್ನೂ ಹಾಗೇ ನೋಡುತ್ತಿತ್ತು.

ಗಂಡನ ಕೈ ಹೋದ ಮೇಲೆ ಅವಳ ಒಂದು ಎಕರೆ ರಾಗಿಗೆ ಮುಯ್ಯಾಳೇ ದಿಕ್ಕು. ಬಿತ್ತನೆ ತಡವಾಗಿದ್ದರಿಂದ ಅವಳ ಹೊಲ ಕೊನೆಗೆ ಮಾಗುತ್ತಿತ್ತು. ಅಷ್ಟರಲ್ಲಿ ಅವಳು ಹನ್ನೊಂದು ಮನೆಯ ಹೊಲಕ್ಕೆ ಹನ್ನೊಂದು ದಿನ ಹೋಗಿ ಬಂದಿದ್ದಳು. "ಎಲ್ರದೂ ಆಯ್ತು, ಇನ್ನು ಬರೋ ಸೋಮ್ವಾರದಾಚೆ ಸೋಮ್ವಾರ ನಿಂದು" ಎಂದು ಅಡವಿಯಪ್ಪ ಹೇಳಿದ್ದ. ಅವನು ಊರಿನ ಹಿರಿಯ. ಕಟಾವಿನ ಸರದಿ ಅವನ ಬಾಯಲ್ಲೇ ಇತ್ತು.

ಆ ಶುಕ್ರವಾರ ಹನುಮಕ್ಕ ತನ್ನ ಹೊಲದ ಅಂಚಿನಲ್ಲಿ ಮೊದಲು ಮಾಗಿದ ತೆನೆಗಳಿಂದ ಒಂದು ಹಿಡಿ ಕುಯ್ದು ಊರಮ್ಮನ ಗುಡಿಗೆ ಹೋದಳು. ಹೊಸ ಬೆಳೆಯ ಮೊದಲ ತೆನೆ ಅಮ್ಮನಿಗೆ ಮುಟ್ಟಬೇಕು, ಆಮೇಲೇ ಉಳಿದವರಿಗೆ. ಅದು ಊರ ಕಟ್ಟಲೆ. ಪೂಜಾರಿ ವೆಂಕಟಯ್ಯ ತನ್ನ ಕಣದ ಒಕ್ಕಣೆಗೆ ಹೋಗಿದ್ದ. ಬಾಗಿಲ ಚೌಕಟ್ಟಿಗೆ ಆಗಲೇ ನಲವತ್ತು ಐವತ್ತು ತೆನೆಯ ಹಿಡಿಗಳು ಜೋತಾಡುತ್ತಿದ್ದವು. ಯಾವುದು ಯಾರ ಮನೆಯದು ಎಂದು ಯಾರೂ ಬರೆದಿಡುವುದಿಲ್ಲ. ಇವಳೂ ತನ್ನದನ್ನು ಕಟ್ಟಿ, ಕೈಮುಗಿದು ಬಂದಳು.

ಭಾನುವಾರ ಗುಬ್ಬಿಯ ಸಭೆಯಲ್ಲಿ ಸುಗ್ಗಿಯ ಆರಾಧನೆ. ಪ್ರತಿ ಮನೆಯವರೂ ಬೆಳೆದದ್ದನ್ನೋ ಕೊಂಡದ್ದನ್ನೋ ತಂದು ವೇದಿಕೆಯ ಮುಂದೆ ಇಡುತ್ತಾರೆ. ಹೆಚ್ಚಿನವರು ಅಂಗಡಿಯ ಹಣ್ಣು, ಪಾಕೀಟಿನ ಅಕ್ಕಿ ತಂದಿದ್ದರು. ಹನುಮಕ್ಕ ತನ್ನ ಹೊಲದಿಂದ ಇನ್ನೊಂದು ಹಿಡಿ ತೆನೆ ಕುಯ್ದು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು.

ಅದನ್ನು ಮೊದಲು ಕಂಡವನು ಪ್ರೇಮಲೀಲಳ ಗಂಡ ದಯಾಕರ. ಅವನಿಗೆ ತಾಲ್ಲೂಕು ಕಚೇರಿಯ ಎದುರು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ. ಜನ ಅರ್ಜಿಗಳನ್ನೆಲ್ಲ ಫೋನಿನಲ್ಲೇ ತುಂಬಲು ಶುರುಮಾಡಿದ ಮೇಲೆ ಅವನಿಗೆ ಬಿಡುವು ಹೆಚ್ಚಾಗಿತ್ತು; ಸಭೆಗೆ ಒಂದು ಬ್ಲಾಗ್ ಮಾಡುತ್ತೇನೆ ಎಂದು ತಾನೇ ಮುಂದೆ ಬಂದ. ಮೊದಲ ಆರು ತಿಂಗಳು ಆರಾಧನೆಯ ಸಮಯ, ವಾಕ್ಯ, ಹುಟ್ಟುಹಬ್ಬದ ಶುಭಾಶಯ ಹಾಕುತ್ತಿದ್ದ. ನೋಡುತ್ತಿದ್ದವರು ಮೂವತ್ತು ಜನ. ಅದರಲ್ಲಿ ನಾಲ್ಕು ಸಲ ಅವನೇ. ಆಮೇಲೆ ತುಮಕೂರಿನ ಬಟವಾಡಿಯ ಒಂದು ಸಭಾಂಗಣದಲ್ಲಿ ಸಭೆಗಳ ಬ್ಲಾಗು ನಡೆಸುವುದರ ಬಗ್ಗೆ ಒಂದು ದಿನದ ತರಬೇತಿ ನಡೆಯಿತು. ಕಲಿಸಲು ಬಂದಿದ್ದವರು ಒಂದು ಹಾಳೆ ಹಂಚಿದರು. ಜನ ಓದುವುದು ಜನರನ್ನು, ವಾರ್ತೆಯನ್ನಲ್ಲ. ಹೆಸರು, ಊರು, ಮುಖ ಮೂರೂ ಇರಲಿ. ಒಂದು ಬರಹಕ್ಕೆ ಒಂದೇ ಮಾತು. ಅದನ್ನು ತೆಳುವಾಗಿಸುವುದನ್ನೆಲ್ಲ ತೆಗೆಯಿರಿ. ದಯಾಕರ ಆ ಹಾಳೆಗೆ ಲ್ಯಾಮಿನೇಷನ್ ಮಾಡಿ ಅಂಗಡಿಯ ಗೋಡೆಗೆ ಅಂಟಿಸಿಕೊಂಡ. ದೇವರು ತಮಗೆ ಮಾಡಿದ್ದನ್ನು ಜನ ಹೇಳಿಕೊಳ್ಳುವ ಸಾಕ್ಷಿಗಳನ್ನು ಬರೆಯಲು ಶುರುಮಾಡಿದ ಮೇಲೆ ನೋಡುವವರು ಇನ್ನೂರು ಮುನ್ನೂರಕ್ಕೆ ಏರಿದರು. ಪಾದ್ರಿ ಸ್ವಾಮಿದಾಸ ಅಯ್ಯನವರು ಪ್ರಕಟಣೆಗಳ ನಡುವೆ ಆ ಸಂಖ್ಯೆಯನ್ನು ಹೇಳುತ್ತಿದ್ದರು. ಕೊನೆಯ ಬೆಂಚಿನವರೂ ತಿರುಗಿ ತನ್ನತ್ತ ನೋಡುವುದು ದಯಾಕರನಿಗೆ ಹಿತವಾಗುತ್ತಿತ್ತು.

ಆರಾಧನೆ ಮುಗಿದ ಮೇಲೆ ಅವನು ಹನುಮಕ್ಕನನ್ನು ವೇದಿಕೆಯ ಮೆಟ್ಟಿಲ ಬಳಿ ನಿಲ್ಲಿಸಿ, ತೆನೆ ಕೈಗೆ ಕೊಟ್ಟು ಫೋಟೊ ತೆಗೆದ. ಫೋನಿನಲ್ಲಿ ಅವಳ ಮಾತನ್ನು ರೆಕಾರ್ಡ್ ಮಾಡಿಕೊಂಡ. ಅವಳು ಗಂಡನ ಕಾಯಿಲೆ, ಆಸ್ಪತ್ರೆ, ಪ್ರೇಮಲೀಲ ಎಲ್ಲ ಹೇಳಿ ಕೊನೆಗೆ ತೆನೆಯ ಮಾತಿಗೆ ಬಂದಳು.

"ಮೊದ್ಲುದು ಶುಕ್ರವಾರ ಅಮ್ಮನ್ ಗುಡಿಗೆ ಕಟ್ಟಿ ಬಂದೆ ಕಣಣ್ಣ, ಊರ ಕಟ್ಲೆ ಅದು. ಇದು ಎರಡ್ನೇ ಹಿಡಿ. ಇಲ್ಲಿಗೆ ಎರಡ್ನೇದು ತರಬಾರ್ದಾಗಿತ್ತೋ ಏನೋ."

ಅಂಥದ್ದೇನಿಲ್ಲ ಅಕ್ಕ ಎಂದು ಅವನು ಹೇಳಿದ.

ಅಂದು ಸಂಜೆ ಅಂಗಡಿಯಲ್ಲಿ ಕೂತು ಬರೆಯುವಾಗ ಆ ಮಾತಿಗೆ ಬಂದು ಅವನ ಕೈ ನಿಂತಿತು. ಅಮ್ಮನ ಗುಡಿಯ ಮಾತು ಸಭೆಯ ಬ್ಲಾಗಿನಲ್ಲಿ ಹೇಗೆ ಇರುವುದು. ಅದನ್ನು ಬಿಟ್ಟರೆ ಬರಹ ಗಟ್ಟಿಯಾಗುತ್ತಿತ್ತು. ಬಿಟ್ಟ. ಬಿಟ್ಟ ಮೇಲೆ ಎರಡನೇ ಹಿಡಿ ಎಂಬುದಕ್ಕೂ ಅರ್ಥವಿರಲಿಲ್ಲ. 'ಮೊದಲ ತೆನೆ ಕರ್ತನಿಗೆ: ಸಾತೇನಪಾಳ್ಯದ ಹನುಮಕ್ಕನ ಸಾಕ್ಷಿ' ಎಂದು ತಲೆಬರಹ ಕೊಟ್ಟ. ಒಳಗೆ, 'ಊರಿನವರೆಲ್ಲ ಬೇರೆ ದಾರಿ ಹಿಡಿದಾಗ ಈ ಸಹೋದರಿ ತನ್ನ ಹೊಲದ ಮೊದಲ ತೆನೆಯನ್ನು ಇಲ್ಲಿಗೆ ತಂದಳು' ಎಂದು ಬರೆದ. ಫೋಟೊ ದೊಡ್ಡದಾಗಿ ಹಾಕಿ, ಎರಡು ಸಲ ಓದಿ, ಪ್ರಕಟಿಸುವ ಗುಂಡಿ ಒತ್ತಿದ.

ಬುಧವಾರದ ಹೊತ್ತಿಗೆ ಎರಡು ಸಾವಿರದ ಆರುನೂರು ಜನ ನೋಡಿದ್ದರು. ಅಯ್ಯನವರು ಫೋನ್ ಮಾಡಿ ದೇವರಿಗೆ ಸ್ತೋತ್ರ ಎಂದರು. ಗುರುವಾರ ಅಂಗಡಿಗೆ ಸಾತೇನಪಾಳ್ಯದ ಗಂಗರಾಜು ಪಹಣಿಯ ನಕಲು ತೆಗೆಸಲು ಬಂದ. ಅಡವಿಯಪ್ಪನ ತಮ್ಮನ ಮಗ. ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ಅವನು ಫೋನ್ ತೆಗೆದು ಹನುಮಕ್ಕನ ಫೋಟೊ ತೋರಿಸಿದ.

"ಇದು ನೀವ್ ಬರ್ದಿರೋದಾ ಸಾರ್?"

ದಯಾಕರ ಹೌದೆಂದ.

"ಚೆನ್ನಾಗ್ ಬರ್ದಿದೀರ. ನಮ್ಮೂರ ಗ್ರೂಪಲ್ಲಿ ಎರಡ್ ದಿನದಿಂದ ಇದೇ ಓಡಾಡ್ತಾ ಐತೆ."

ನಕಲು ತೆಗೆದುಕೊಂಡು, ಚಿಲ್ಲರೆ ಎಣಿಸಿಟ್ಟು ಗಂಗರಾಜು ಹೋದ. ಸಾತೇನಪಾಳ್ಯದವರೂ ನನ್ನ ಬ್ಲಾಗ್ ಓದುತ್ತಾರೆ ಎಂದು ದಯಾಕರ ರಾತ್ರಿ ಊಟದ ಹೊತ್ತಿನಲ್ಲಿ ಹೆಂಡತಿಗೆ ಹೇಳಿದ. ಪ್ರೇಮಲೀಲ, ಬರೆಯುವ ಮುಂಚೆ ಹನುಮಕ್ಕನಿಗೆ ಓದಿ ಹೇಳಿದ್ದೆಯಾ ಎಂದು ಕೇಳಿದಳು. ಅವನು ಸಾರು ಹಾಕಿಸಿಕೊಂಡ.

ಸೋಮವಾರ ಹನುಮಕ್ಕ ಹೊತ್ತು ಮೂಡುವ ಮುಂಚೆಯೇ ಕುಡುಗೋಲು ಮಸೆದು ಹೊಲಕ್ಕೆ ಹೋದಳು. ಮಂಜು ಆರಿತು. ಬಿಸಿಲು ತೆಂಗಿನ ಸಸಿಗಳ ತಲೆಗೆ ಬಂತು. ಯಾರೂ ಬರಲಿಲ್ಲ. ಅವಳು ಒಬ್ಬಳೇ ಒಂದು ಸಾಲು ಕುಯ್ದು, ತಲೆಯೆತ್ತಿ ದಾರಿ ನೋಡಿ, ಮತ್ತೆ ಬಗ್ಗಿದಳು. ಬೇಲಿಯಾಚೆ ರಂಗಮ್ಮ ಹಸು ಹೊಡೆದುಕೊಂಡು ಹೋಗುತ್ತಿದ್ದಳು. ಕರೆದರೆ ನಿಲ್ಲಲಿಲ್ಲ, ತಿರುವಿನವರೆಗೆ ಹೋಗಿ, ಆಚೀಚೆ ನೋಡಿ ವಾಪಸು ಬಂದಳು.

"ಅಮ್ಮನ್ ತೆನೆ ತಪ್ಪಿಸ್ದೋಳ ಹೊಲಕ್ಕೆ ಕುಡ್ಗೋಲ್ ಹಾಕಬಾರ್ದು ಅಂತ ಅಡವಿಯಪ್ಪಣ್ಣ ಅಂದವ್ರೆ. ನಂಗೇನೂ ಇಲ್ಲ ಕಣೇ ಹನುಮಿ. ಮನೇಲಿ ಮಕ್ಕಳವ್ರೆ."

"ಶುಕ್ರವಾರವೇ ಕಟ್ಟಿವ್ನಿ ಕಣೇ."

"ಯಾರ್ ನೋಡವ್ರೆ?"

ಯಾರೂ ನೋಡಿರಲಿಲ್ಲ. ಪೂಜಾರಿ ವೆಂಕಟಯ್ಯನನ್ನು ಕೇಳಿದರೆ, ಕಟ್ಟಿದ ತೆನೆಗೆ ಹೆಸರಿರುತ್ತದೆಯೇ ತಾಯಿ, ಫೋಟೊಗಾದರೆ ಹೆಸರಿತ್ತು ಎಂದ. ಕೂಲಿಗೆ ಕರೆದರೂ ಊರಿನ ಆಳು ಬರಲಿಲ್ಲ. ಮಂಗಳವಾರ ಹನುಮಕ್ಕ ಬಸ್ಸು ಹತ್ತಿ ದಯಾಕರನ ಅಂಗಡಿಗೆ ಬಂದಳು. ಅಳಲಿಲ್ಲ, ಬೈಯಲಿಲ್ಲ. ಮಳೆ ಬರುವ ಹಾಗಿದೆ ಎಂದು ರೇಡಿಯೊದಲ್ಲಿ ಹೇಳುತ್ತಿದ್ದಾರೆ, ಮಾಗಿದ ರಾಗಿ ಎರಡು ದಿನ ನೆಂದರೆ ಹೊಲದಲ್ಲೇ ಮೊಳೆಯುತ್ತದೆ ಎಂದು ವಿವರಿಸಿದಳು. ಆಮೇಲೆ ತಾನು ಬಂದ ಕೆಲಸ ಹೇಳಿದಳು.

"ನಾನ್ ಅಂದಿದ್ದು ನಿಮ್ ಫೋನಲ್ಲಿ ಐತಲ್ಲಣ್ಣ. ಅದ್ನ ತಂದು ಅಡವಿಯಪ್ಪಣ್ಣಂಗೆ ಕೇಳಿಸ್ಬುಡಿ. ಇನ್ನೇನೂ ಬ್ಯಾಡ."

ಎರಡು ದಿನದಲ್ಲಿ ಬರುತ್ತೇನೆ ಎಂದು ದಯಾಕರ ಮಾತು ಕೊಟ್ಟ. ಅವಳು ಹೋದ ಕೂಡಲೇ ಬ್ಲಾಗಿನಿಂದ ಆ ಬರಹವನ್ನು ತೆಗೆದುಹಾಕಿದ. ಆದರೆ ಫೋಟೊ ಈಗ ಬ್ಲಾಗಿನಲ್ಲಿರಲಿಲ್ಲ, ಸಾತೇನಪಾಳ್ಯದ ಅರವತ್ತು ಫೋನುಗಳಲ್ಲಿತ್ತು.

ಸ್ವಾಮಿದಾಸ ಅಯ್ಯನವರು ದಯಾಕರ ಹೋಗಿ ಹೇಳಿದ್ದೆಲ್ಲವನ್ನೂ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಬರಹ ತೆಗೆದದ್ದೇ ತಪ್ಪು, ತೆಗೆದರೆ ಕಳ್ಳತನ ಮಾಡಿದ ಹಾಗೆ ಕಾಣುತ್ತದೆ ಎಂದರು. ರೆಕಾರ್ಡಿಂಗ್ ಮಾತು ಬಂದಾಗ ಎದ್ದು ಕಿಟಕಿ ಹಾಕಿದರು. ಮೂರು ವರ್ಷದ ಹಿಂದೆ ಮತಾಂತರ ಮಾಡುತ್ತಾರೆಂದು ಸಭೆಯ ಗೇಟಿನ ಮುಂದೆ ಜನ ಸೇರಿ ಕೂಗಾಡಿದ್ದನ್ನು ನೆನಪಿಸಿದರು; ಹಾಲ್ ಬಾಡಿಗೆಯದು, ಮಾಲೀಕರು ಅಂದೇ ಖಾಲಿ ಮಾಡಿ ಅಂದಿದ್ದರು. ಸಭೆಯವರೇ ಹೆಂಗಸಿನ ಮಾತು ತಿರುಚಿ ಬರೆದರು ಎಂದು ನಮ್ಮ ಕೈಯಾರೆ ಸಾಕ್ಷಿ ಕೊಟ್ಟರೆ ಆ ಜನ ಸುಮ್ಮನಿರುತ್ತಾರೆಯೇ ಎಂದು ಕೇಳಿದರು.

"ಇಪ್ಪತ್ತೆರಡು ಮನೆಯವರನ್ನ ನಾನು ಎಲ್ಲಿಗೆ ಕರ್ಕೊಂಡು ಹೋಗ್ಲಿ ದಯಾಕರ? ಒಂದು ಎಕರೆ ರಾಗಿ ಎಷ್ಟಾಗುತ್ತೆ ಹೇಳು, ಸಭೆಯಿಂದ ಕೊಡೋಣ."

ಶುಕ್ರವಾರ ಹಿರಿಯರ ಕೂಟದಲ್ಲಿ ಮಾತಾಡೋಣ, ಅಲ್ಲಿಯವರೆಗೆ ಯಾರಿಗೂ ಏನೂ ಕೇಳಿಸಬೇಡ ಎಂದರು. ದಯಾಕರನಿಗೆ ಅದು ಸರಿಯೆನಿಸಲಿಲ್ಲ. ಆದರೂ ಅದರಲ್ಲಿ ಅವನಿಗೆ ಒಂದು ಬಿಡುಗಡೆಯಿತ್ತು. ಕೇಳಿಸಿದರೆ ಮೊದಲು ಸುಳ್ಳುಗಾರನಾಗುವವನು ಅವನೇ. ಎರಡು ದಿನ ಕಳೆಯಿತು. ಪ್ರೇಮಲೀಲ ದಿನಕ್ಕೊಂದು ಸಲ ಕೇಳಿದಳು, ಆಮೇಲೆ ಕೇಳುವುದನ್ನು ಬಿಟ್ಟಳು.

ಗುರುವಾರ ಮಧ್ಯಾಹ್ನ ಮೋಡ ಕವಿಯಿತು. ಬಂಗಾಳಕೊಲ್ಲಿಯ ಚಂಡಮಾರುತದ ಬಾಲ. ಶುಕ್ರವಾರದ ಕೂಟ ಮಳೆಯಿಂದಾಗಿ ಮುಂದಕ್ಕೆ ಹೋಯಿತು. ಶನಿವಾರ, ಭಾನುವಾರ ಜಡಿಮಳೆ ಬಿಡಲಿಲ್ಲ. ಭಾನುವಾರ ಹನುಮಕ್ಕನ ಬೆಂಚು ಖಾಲಿಯಿತ್ತು. ಅಯ್ಯನವರು ಪ್ರಕಟಣೆಗಳಲ್ಲಿ ಬ್ಲಾಗಿನ ಮಾತೆತ್ತಲಿಲ್ಲ.

ಸೋಮವಾರ ಮಳೆ ನಿಂತಿತು. ದಯಾಕರ ಅಂಗಡಿ ತೆರೆಯದೆ, ಅಯ್ಯನವರಿಗೆ ಹೇಳದೆ, ಬೈಕ್ ಹತ್ತಿ ಸಾತೇನಪಾಳ್ಯಕ್ಕೆ ಹೋದ. ದಾರಿಯಲ್ಲಿ ಅವಳ ಹೊಲ ಸಿಕ್ಕಿತು. ರಾಗಿ ಒಂದೇ ಕಡೆಗೆ ನೆಲಕ್ಕೆ ಒರಗಿತ್ತು. ಒಂದು ತೆನೆ ಎತ್ತಿ ನೋಡಿದ. ಕಪ್ಪಗಾಗಿತ್ತು, ಕಾಳಿನ ನಡುವಿನಿಂದ ಬಿಳಿಯ ಮೊಳಕೆಗಳು ಸೂಜಿಯ ಮೊನೆಯಷ್ಟು ಹೊರಗೆ ಬಂದಿದ್ದವು.

ಅಡವಿಯಪ್ಪ ಜಗಲಿಯ ಮೇಲೆ ಕೂತಿದ್ದ. ಗಂಗರಾಜು, ಪೂಜಾರಿ ವೆಂಕಟಯ್ಯ, ಇನ್ನೂ ಐದಾರು ಜನ ಬಂದು ಸೇರಿದರು. ದಯಾಕರ ತಾನು ಯಾರೆಂದು ಹೇಳಿ ಫೋನನ್ನು ಜಗಲಿಯ ಮೇಲಿಟ್ಟು ಒತ್ತಿದ. ಹನುಮಕ್ಕನ ದನಿ ಬಂತು. ಗಂಡನ ಕಾಯಿಲೆ, ಆಸ್ಪತ್ರೆ, ಕೊನೆಗೆ ಶುಕ್ರವಾರದ ತೆನೆ. ಮುಗಿದ ಮೇಲೆ ಅಡವಿಯಪ್ಪ ಇನ್ನೊಂದು ಸಲ ಹಾಕಿಸಿದ.

"ಇದು ಯಾವತ್ತಿಂದ ನಿಮ್ತಾವ ಐತೆ?"

"ಆ ಭಾನುವಾರದಿಂದ."

"ಅವ್ಳು ಅಂದಿದ್ದು ಹಿಂಗೆ. ನೀವ್ ಬರ್ದಿದ್ದು ಹಂಗೆ."

ದಯಾಕರ ಹೌದೆಂದ. ತಪ್ಪಾಯಿತು ಎಂದ. ಗಂಗರಾಜು ಏನೋ ಹೇಳಹೋದಾಗ ಅಡವಿಯಪ್ಪ ಕೈಯೆತ್ತಿ ತಡೆದ.

"ಬುಡ್ಲಾ. ಅವ್ರ್ ಬಂದ್ ಹೇಳವ್ರೆ." ಆಮೇಲೆ ದಯಾಕರನ ಕಡೆ ತಿರುಗಿದ. "ಅಮ್ಮಂಗೆ ಕೊಟ್ಟವ್ಳೆ ಅಂದ್ಮೇಲೆ ಅವ್ಳ ಮುಯ್ಯಿ ನಾವ್ ಇಟ್ಕಳಂಗಿಲ್ಲ. ನಾಳಿದ್ದು ಹೊಲ ಆರ್ತದೆ. ಬತ್ತೀವಿ ಅಂತ ಹೇಳ್ಬುಡಿ."

ದಯಾಕರ ಕಣ್ಣು ತುಂಬಿಕೊಂಡು ಕೈಮುಗಿದ. ಅಲ್ಲಿಂದ ಹನುಮಕ್ಕನ ಮನೆಗೆ ಹೋಗಿ ಹೇಳಿದ. ರಾಮಾಂಜಿನಯ್ಯ ಜೋತ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಮಡಿಲಿಗಿಟ್ಟುಕೊಂಡು, ಅರ್ಧ ಆದರೂ ಸಿಕ್ಕಲಿ ಎಂದ. ಹನುಮಕ್ಕ, ಅಡವಿಯಪ್ಪ ಹೇಳಿದ ಮಾತನ್ನು ಹಾಗೇ ಇನ್ನೊಂದು ಸಲ ಹೇಳಿ ಎಂದು ಕೇಳಿದಳು. ಹೇಳಿದ. ಅವಳು ತಲೆದೂಗಿ ಒಳಗೆ ಹೋದಳು.

ಬುಧವಾರ ದಯಾಕರ ಪ್ರೇಮಲೀಲಳನ್ನು ಹಿಂದೆ ಕೂರಿಸಿಕೊಂಡು ಬಂದಾಗ ಹೊಲದ ತುಂಬ ಜನ. ಹನ್ನೊಂದು ಮನೆಯಿಂದ ಹನ್ನೊಂದು ಆಳು; ಒಬ್ಬರೂ ಹೆಚ್ಚಿಲ್ಲ, ಒಬ್ಬರೂ ಕಡಿಮೆಯಿಲ್ಲ. ರಂಗಮ್ಮನೂ ಇದ್ದಳು. ನೆಲಕ್ಕೊರಗಿದ ರಾಗಿಯನ್ನು ಬಾಚಿ ಎತ್ತಿ ಕುಯ್ಯಬೇಕಿತ್ತು, ಕೆಲಸ ನಿಧಾನ. ಯಾರೂ ಮಾತಾಡುತ್ತಿರಲಿಲ್ಲ. ಮೊಳೆತದ್ದು, ಮೊಳೆಯದ್ದು ಎನ್ನದೆ ಎಲ್ಲವನ್ನೂ ಒಂದೇ ಸಮ ಕುಯ್ದು ಮಲಗಿಸುತ್ತಿದ್ದರು. ಬದುವಿನ ಮೇಲೆ ನಿಂತ ದಯಾಕರನಿಗೆ ಎದೆ ಹಗುರಾಯಿತು. ನೋಡು, ಬಂದರಲ್ಲ ಎಂದು ಹೆಂಡತಿಗೆ ಹೇಳಿದ.

ಮಧ್ಯಾಹ್ನ ಹನುಮಕ್ಕ ಮುದ್ದೆಯ ಕುಕ್ಕೆ, ಅವರೆಕಾಳು ಸಾರಿನ ಪಾತ್ರೆ ಹೊತ್ತು ತಂದು ಹೊಂಗೆ ಮರದ ಕೆಳಗೆ ಇಳಿಸಿ ಎಲೆ ಹಾಸಿದಳು. ಮುಯ್ಯಾಳಿಗೆ ಹೊಲದವರದೇ ಊಟ. ಆಳುಗಳು ಕುಡುಗೋಲು ಇಟ್ಟು, ಕೈ ತೊಳೆದು, ಹೊಲದ ಆಚೆ ತುದಿಯ ಬೇವಿನ ಮರದ ಕಡೆ ನಡೆದರು. ಮನೆಯಿಂದ ತಂದಿದ್ದ ಕ್ಯಾರಿಯರ್ ಬಿಚ್ಚಿದರು. ನೀರೂ ಅವರದೇ, ಬಾಟಲಿಯಲ್ಲಿ. ಹನುಮಕ್ಕ ಒಂದು ಸಲ ಕರೆದಳು. ರಂಗಮ್ಮ ಕ್ಯಾರಿಯರಿನ ಒಳಗೆ ಮುಖ ಹುದುಗಿಸಿ ತಿನ್ನುತ್ತಿದ್ದಳು.

ಸಂಜೆಗೆ ಕಟಾವು ಮುಗಿಯಿತು. ಅಡವಿಯಪ್ಪ ಬಂದು ಬದುವಿನ ಮೇಲೆ ನಿಂತು, ಹನ್ನೊಂದು ಮನೆಯ ಹೆಸರನ್ನೂ ಒಂದೊಂದಾಗಿ ಹೇಳಿದ. ಪ್ರತಿ ಹೆಸರಿಗೂ ಹನುಮಕ್ಕ ಹೂ ಅಂದಳು.

"ನಿನ್ ಮುಯ್ಯಿ ನಮ್ಮಲ್ಲಿ ಯಾರ ಮ್ಯಾಲೂ ಇಲ್ಲ. ನಮ್ದು ನಿನ್ ಮ್ಯಾಲಿಲ್ಲ. ಸರಿನೇನಮ್ಮ?"

"ಸರಿ ಕಣಣ್ಣ."

"ಹಂಗಾರೆ ತೀರ್ತು."

ಜನ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ಊರ ಕಡೆ ಹೋದರು. ಎಷ್ಟು ಸಿಗಬಹುದು ಎಂದು ದಯಾಕರ ಕೇಳಿದ. ಹನುಮಕ್ಕ ಒಂದು ತೆನೆಯನ್ನು ಅಂಗೈಯಲ್ಲಿ ಉಜ್ಜಿ ಊದಿದಳು. ನಾಲ್ಕೈದು ಕಾಳು ಉಳಿದವು.

"ದನಕ್ಕೆ ಹುಲ್ಲಾಯ್ತದೆ" ಎಂದಳು.

ಅವರು ಬಂದದ್ದು ಒಳ್ಳೆಯದಾಯಿತಲ್ಲ, ಮುಂದಿನ ವರ್ಷಕ್ಕೆ ತೊಂದರೆಯಿಲ್ಲ ಎಂದು ಅವನು ಹೇಳಿದ. ಅವಳು ಅವನನ್ನು, ಏನೂ ತಿಳಿಯದ ಮಗುವನ್ನು ನೋಡುವ ಹಾಗೆ ನೋಡಿದಳು.

"ಮುಯ್ಯಿ ಪೂರಾ ತೀರಿಸ್ಕಳಲ್ಲ ಕಣಣ್ಣ ನಮ್ಕಡೆ. ಒಂದಾಳು ಯಾವಾಗ್ಲೂ ಮಿಗಿಸ್ಕಂಡಿರ್ತೀವಿ. ಮಿಕ್ಕಿದ್ರೆ ತಾನೆ ಮುಂದಿನ್ ವರ್ಷ ಕರೆಯಾದು, ಬರಾದು. ಆ ಫೋಟೊ ನೋಡಿದ್ಮ್ಯಾಲೆ ಅವ್ರಿಗೆ ನಾನು ಗುಬ್ಬಿಯೋಳು. ತೀರಿಸಿ ಎದ್ದೋದ್ರು ಅಂದ್ರೆ, ಅಲ್ಲಿಗಾಯ್ತು."

ಅವಳು ಹೊಂಗೆ ಮರದ ಕೆಳಗೆ ಕೂತು ಕುಕ್ಕೆಯನ್ನು ಎಳೆದುಕೊಂಡಳು. ಮುದ್ದೆಗಳು ತಣ್ಣಗಾಗಿ ಬಿಗಿದಿದ್ದವು. ಪ್ರೇಮಲೀಲ ಒಂದು ಎಲೆ ಹಾಸಿಕೊಂಡು ಅವಳ ಪಕ್ಕ ಕೂತಳು, ಹನುಮಕ್ಕ ಬಡಿಸಿದಳು. ದಯಾಕರನಿಗೂ ಒಂದು ಎಲೆ ಹಾಕಿದಳು. ಮಿಕ್ಕ ಒಂಬತ್ತು ಮುದ್ದೆಯನ್ನು ಒಂದೊಂದೇ ಕೈಯಲ್ಲಿ ಮುರಿದು ದನದ ಬಕೀಟಿಗೆ ಹಾಕುತ್ತ ಹೋದಳು.